ಇತಿಹಾಸಪಾಠದಲ್ಲಿ ಅಭಿನಯವೂ ಆಧಾರವೂ: ಆತಕೂರಿನ ಶಾಸನವನ್ನು ಮುಂದಿಟ್ಟುಕೊಂಡು ಒಂದು ವಿಮರ್ಶೆ

ಚಿಕ್ಕ ಮಕ್ಕಳಿಗೆ ಇತಿಹಾಸವನ್ನು ಕಲಿಸುವ ವಿಷಯದಲ್ಲಿ ಈಗ ಎಲ್ಲರ ಬಾಯಲ್ಲಿಯೂ ಕೇಳಿಬರುವ ಮಾತು ‘ಚಟುವಟಿಕೆ’ ಎಂಬುದು. ಉಪಾಧ್ಯಾಯನು ಹೇಳುತ್ತ ಹೋಗುವುದು, ಹುಡುಗರು ಬರೆದುಕೊಳ್ಳುತ್ತ ಹೋಗುವುದು, ಪರೀಕ್ಷೆಯ ದಿನ ಬರೆದುಕೊಂಡುದನ್ನು ಹಾಗೆಯೇ ಒಪ್ಪಿಸಿಬಿಡುವುದು, ಈ ಕ್ರಮವು ನಿಷ್ಫಲವೆಂಬುದರಲ್ಲಿ ವಿವಾದವಿಲ್ಲ. ಹುಡುಗನು ಮಾತನಾಡಬೇಕು, ಎದ್ದು ನಿಂತು ಏನನ್ನಾದರೂ ಮಾಡಬೇಕು ಎಂಬುದು ಸರ್ವಸಮ್ಮತವಾಗಿದೆ. ಆದರೆ ಏನನ್ನು ಮಾಡಬೇಕು ಎಂಬ ಪ್ರಶ್ನೆಯನ್ನು ಅಷ್ಟೇ ಶ್ರದ್ಧೆಯಿಂದ ವಿಚಾರಿಸಿದಂತೆ ಕಾಣುವುದಿಲ್ಲ. ಕಾಗದದ ಕಿರೀಟವನ್ನು ಕತ್ತರಿಸಿ ತಲೆಗಿಟ್ಟುಕೊಂಡರೂ ಅದು ಚಟುವಟಿಕೆಯೇ. ಭೂಪಟದಲ್ಲಿ ಬಣ್ಣ ತುಂಬಿದರೂ ಚಟುವಟಿಕೆಯೇ. ಎರಡು ಶಾಸನಗಳನ್ನು ಎದುರುಬದುರಾಗಿಟ್ಟು ಇವುಗಳಲ್ಲಿ ಯಾವುದನ್ನು ಎಷ್ಟರಮಟ್ಟಿಗೆ ನಂಬಬಹುದೆಂದು ವಾದಿಸಿದರೂ ಚಟುವಟಿಕೆಯೇ. ಇವು ಮೂರೂ ಒಂದೇ ಬೆಲೆಯವೆಂದು ಎಣಿಸುವವರು ಇತಿಹಾಸವೆಂಬ ವಿದ್ಯೆಯ ಸ್ವರೂಪವೇನೆಂಬುದನ್ನು ಮರೆತಿರುವರೆಂದೇ ಹೇಳಬೇಕಾಗುತ್ತದೆ. ಕೈಗೆ ಕೆಲಸವಿದ್ದು ಬುದ್ಧಿಗೆ ಕೆಲಸವಿಲ್ಲದ ಪಾಠವು ಹಳೆಯ ಕಂಠಪಾಠಕ್ಕಿಂತ ಹೆಚ್ಚು ಗದ್ದಲದ್ದು ಮಾತ್ರ, ಹೆಚ್ಚು ಫಲದ್ದಲ್ಲ.

ಈ ಚರ್ಚೆಯಲ್ಲಿ ಇಂದಿಗೂ ಓದತಕ್ಕ ಎರಡು ಇಂಗ್ಲಿಷ್ ಗ್ರಂಥಗಳು ಒಂದು ವರ್ಷದ ಅಂತರದಲ್ಲಿ ಹೊರಬಂದವು. ೧೯೧೦ರಲ್ಲಿ, ಆಕ್ಸ್‌ಫರ್ಡಿನಲ್ಲಿ ಶಿಕ್ಷಣಶಾಸ್ತ್ರದ ಅಧ್ಯಾಪಕರಾಗಿದ್ದ ಎಂ. ಡಬ್ಲ್ಯು. ಕೀಟಿಂಗ್ ಅವರು ಇತಿಹಾಸ ಬೋಧನೆಯನ್ನು ಕುರಿತ ತಮ್ಮ ವಿಚಾರಗಳನ್ನು ಪ್ರಕಟಿಸಿದರು. ೧೯೧೧ರಲ್ಲಿ, ಸಸೆಕ್ಸ್ ಪ್ರಾಂತದ ಸಾಂಪ್ಟಿಂಗ್ ಎಂಬ ಹಳ್ಳಿಯ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದ ಹ್ಯಾರಿಯೆಟ್ ಫಿನ್ಲೆ-ಜಾನ್ಸನ್ ಅವರು ನಾಟಕದ ಮೂಲಕ ಬೋಧಿಸುವ ಕ್ರಮವನ್ನು ಕುರಿತ ಪುಸ್ತಕವನ್ನು ಪ್ರಕಟಿಸಿದರು. ಒಬ್ಬರು ವಿದ್ಯಾಪೀಠದವರು, ಇನ್ನೊಬ್ಬರು ಹಳ್ಳಿಯ ಶಾಲೆಯವರು. ಒಬ್ಬರು ಆಧಾರವನ್ನು ಹಿಡಿದರು, ಇನ್ನೊಬ್ಬರು ಅಭಿನಯವನ್ನು ಹಿಡಿದರು. ಆಮೇಲಿನ ನೂರು ವರ್ಷಗಳಲ್ಲಿ ಬಂದ ಹೊಸ ಹೊಸ ಹೆಸರಿನ ಕ್ರಮಗಳಲ್ಲಿ ಹೆಚ್ಚಿನವು ಈ ಎರಡು ದಾರಿಗಳಲ್ಲಿ ಒಂದರ ಕವಲುಗಳೇ ಆಗಿವೆ. ಆದಕಾರಣ ಇವುಗಳ ಗುಣದೋಷಗಳನ್ನು ಮೊದಲು ನೋಡುವುದು ಯುಕ್ತ.

ಫಿನ್ಲೆ-ಜಾನ್ಸನ್ ಅವರ ಪುಸ್ತಕದಲ್ಲಿ ಮೆಚ್ಚತಕ್ಕದ್ದು ಬಹಳವಿದೆ. ಇಂಗ್ಲೆಂಡಿನ ಪ್ರಾಥಮಿಕ ಶಾಲೆಗಳ ಮುಖ್ಯ ತನಿಖಾಧಿಕಾರಿಯಾಗಿದ್ದ ಎಡ್ಮಂಡ್ ಹೋಮ್ಸ್ ಅವರು ೧೯೧೧ರಲ್ಲಿ ತಾವು ಬರೆದ ಗ್ರಂಥದಲ್ಲಿ ಈ ಶಾಲೆಯನ್ನು ‘ಯುಟೋಪಿಯ’ ಎಂದೂ ಈ ಉಪಾಧ್ಯಾಯಿನಿಯನ್ನು ‘ಎಜೀರಿಯ’ ಎಂದೂ ಮರೆಹೆಸರಿನಿಂದ ಕರೆದು ಮನಸಾರೆ ಹೊಗಳಿದ್ದಾರೆ. ಆ ಹೊಗಳಿಕೆ ಅಸ್ಥಾನದ್ದಲ್ಲ. ಆಕೆಯ ಮುಖ್ಯ ನಿಯಮವು ಒಂದೇ: ನಾಟಕವು ಮಗುವಿನದಾಗಿರಬೇಕು, ಉಪಾಧ್ಯಾಯರದಾಗಿರಬಾರದು. ದೊಡ್ಡವರ ಕಣ್ಣಿಗೆ ಅದು ಎಷ್ಟು ಒರಟಾಗಿ ಕಂಡರೂ ಚಿಂತೆಯಿಲ್ಲ. ಮಾತನ್ನು ಮಕ್ಕಳೇ ಕಟ್ಟಬೇಕು, ಅದಕ್ಕೆ ಬೇಕಾದ ವಿಷಯವನ್ನು ಮಕ್ಕಳೇ ಪುಸ್ತಕಗಳಲ್ಲಿ ಹುಡುಕಬೇಕು. ನಾಟಕವು ಪ್ರದರ್ಶನಕ್ಕಲ್ಲ, ಹುಡುಕಾಟಕ್ಕೆ ನೆಪ. ನಮ್ಮ ಶಾಲೆಗಳ ವಾರ್ಷಿಕೋತ್ಸವಗಳಲ್ಲಿ ನಡೆಯುವ ಐತಿಹಾಸಿಕ ನಾಟಕಗಳನ್ನು ಈ ನಿಯಮದಿಂದ ಅಳೆದು ನೋಡಿದರೆ ಉಳಿಯುವುದು ಸ್ವಲ್ಪವೇ. ಅಲ್ಲಿ ಮಾತನ್ನು ಬರೆಯುವವರು ಉಪಾಧ್ಯಾಯರು. ಐದು ಮಂದಿ ಹುಡುಗರು ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ. ಉಳಿದವರು ಕೆಳಗೆ ಕುಳಿತು ನೋಡುತ್ತಾರೆ. ಕಿತ್ತೂರಿನ ಚೆನ್ನಮ್ಮನ ಪಾತ್ರ ವಹಿಸಿದ ಹುಡುಗಿಗೆ ೧೮೨೪ರ ಆ ಕಾಳಗದ ಕಾರಣವು ದತ್ತುಸ್ವೀಕಾರದ ಹಾಗೂ ಉತ್ತರಾಧಿಕಾರದ ತಕರಾರೆಂಬುದು ತಿಳಿದಿದ್ದರೆ ಅದು ಆಕಸ್ಮಿಕವೇ. ಖಡ್ಗವನ್ನು ಎತ್ತಿ ಹಿಡಿಯುವುದಂತೂ ಆಕೆಗೆ ಚೆನ್ನಾಗಿ ಬರುತ್ತದೆ.

ಅದು ಹಾಗಿರಲಿ, ಆ ದೋಷವು ಪುಸ್ತಕದ್ದಲ್ಲ, ಅದನ್ನು ಕೆಡಿಸಿ ಅನುಸರಿಸಿದವರದು. ಕ್ರಮದಲ್ಲಿಯೇ ಇರುವ ದೋಷವು ಬೇರೆ. ನಾಟಕವು ಯಾವ ತೆರಪನ್ನೂ ಸಹಿಸುವುದಿಲ್ಲ. ರಂಗದ ಮೇಲೆ ಬಂದ ಅರಸನು ಏನನ್ನಾದರೂ ಉಟ್ಟಿರಲೇಬೇಕು, ಯಾವುದಾದರೊಂದು ಸ್ವರದಲ್ಲಿ ಮಾತನಾಡಲೇಬೇಕು, ಶತ್ರುವನ್ನು ಎದುರಿನಿಂದಲೋ ಹಿಂದಿನಿಂದಲೋ ಹೊಡೆಯಲೇಬೇಕು. ‘ಬಹುಶಃ’ ಎಂಬ ಮಾತನ್ನು ಅಭಿನಯಿಸಲು ಸಾಧ್ಯವಿಲ್ಲ. ಇತಿಹಾಸಕಾರನಾದರೋ ತೆರಪನ್ನು ತೆರಪೆಂದೇ ಬಿಡಬೇಕಾದವನು. ಆಧಾರವು ಎಲ್ಲಿ ನಿಲ್ಲುತ್ತದೆಂದು ಹೇಳುವುದು ಅವನ ಕೆಲಸದ ಅರ್ಧ ಭಾಗ. ಮಗು ಆ ತೆರಪನ್ನು ಯಾವುದರಿಂದ ತುಂಬುತ್ತದೆ? ತಾನು ಕಂಡ ಚಲಚ್ಚಿತ್ರದಿಂದ, ಕ್ಯಾಲೆಂಡರಿನ ಚಿತ್ರದಿಂದ, ಮನೆಯಲ್ಲಿ ಕೇಳಿದ ಮಾತಿನಿಂದ. ಹೀಗೆ ತುಂಬಿದುದು ತುಂಬಿದುದೆಂದು ಮಗುವಿಗೆ ಗೊತ್ತಾಗುವುದಿಲ್ಲ. ತಾನೇ ಆಡಿ ನೋಡಿದ್ದರಿಂದ ಓದಿದುದಕ್ಕಿಂತಲೂ ಗಟ್ಟಿಯಾಗಿ ಅದು ಮನಸ್ಸಿನಲ್ಲಿ ನಿಲ್ಲುತ್ತದೆ. ಅಭಿನಯದ ಶಕ್ತಿಯೇ ಅದರ ಅಪಾಯ.

ಕೀಟಿಂಗ್ ಅವರು ಹಿಡಿದ ದಾರಿ ಇದಕ್ಕೆ ಪ್ರತಿಯಾದದ್ದು. ರಸಾಯನಶಾಸ್ತ್ರವನ್ನು ಕಲಿಯುವ ಹುಡುಗನಿಗೆ ಪ್ರಯೋಗಶಾಲೆಯಿರುವಂತೆ ಇತಿಹಾಸವನ್ನು ಕಲಿಯುವವನಿಗೂ ಒಂದು ಅಭ್ಯಾಸಶಾಲೆ ಬೇಕು, ಅಲ್ಲಿಯ ಪದಾರ್ಥಗಳು ಮೂಲ ದಾಖಲೆಗಳು ಎಂಬುದು ಅವರ ವಾದದ ತಿರುಳು. ಸಣ್ಣ ಸಣ್ಣ ಭಾಗಗಳನ್ನು ಆರಿಸಿ ಕೊಡಬೇಕು. ಸಾಧ್ಯವಾದರೆ ಪರಸ್ಪರ ವಿರೋಧವಿರುವ ಸಾಕ್ಷ್ಯಗಳನ್ನು ಕೊಡಬೇಕು. ಹೇಳಿದವರು ಯಾರು, ಅವರಿಗೆ ಅದು ಹೇಗೆ ಗೊತ್ತು, ಹಾಗೆ ಹೇಳುವುದರಿಂದ ಅವರಿಗೇನು ಲಾಭ ಎಂದು ಕೇಳಬೇಕು. ವಿಚಾರವು ನಿರ್ದುಷ್ಟವಾದುದು. ಆದರೆ ಈ ಗ್ರಂಥವನ್ನು ಓದುತ್ತ ಹೋದಂತೆ ಅದರಲ್ಲಿಯ ವಿದ್ಯಾರ್ಥಿಯು ಮೀಸೆ ಮೂಡಿದವನೆಂದು ತೋರುತ್ತದೆ. ಹತ್ತು ಹನ್ನೊಂದು ವಯಸ್ಸಿನ ಮಗುವಿಗೆ ಸಾಕ್ಷ್ಯದಲ್ಲಿ ಆಸ್ಥೆ ಹುಟ್ಟುವುದು ಆ ಸಂಗತಿಯಲ್ಲಿ ಆಸ್ಥೆ ಹುಟ್ಟಿದ ಮೇಲೆಯೇ. ಯಾರು ಕೊಂದರೆಂಬುದು ತನಗೆ ಬೇಕಾದಾಗ ಮಾತ್ರ ಸಾಕ್ಷಿಯು ಸುಳ್ಳಾಡುತ್ತಿರಬಹುದೆಂಬ ಸಂಶಯವೂ ಬೇಕಾಗುತ್ತದೆ. ಆ ಬೇಕೆಂಬುದನ್ನು ಹುಟ್ಟಿಸುವ ಉಪಾಯವನ್ನು ಕೀಟಿಂಗ್ ಅವರು ಸಾಕಷ್ಟು ಹೇಳಿಲ್ಲ.

ಇವೆರಡರಲ್ಲಿ ಯಾವುದು ಮೇಲೆಂದು ಬರಿಯ ತರ್ಕದಿಂದ ತೀರ್ಮಾನಿಸುವುದಕ್ಕಿಂತ ಒಂದು ಕಲ್ಲಿನ ಮೇಲೆ ಒರೆದು ನೋಡುವುದು ಉತ್ತಮ. ಕನ್ನಡ ನಾಡಿನ ಉಪಾಧ್ಯಾಯರಿಗೆ ಕಲ್ಲಿನ ಕೊರತೆಯಿಲ್ಲ. ನಾವು ಇಲ್ಲಿ ಆರಿಸಿಕೊಂಡಿರುವುದು ಆತಕೂರಿನ ಶಾಸನವನ್ನು.

ಆತಕೂರು ಈಗಿನ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿಗೆ ಸೇರಿದ ಊರು. ಶಾಸನವು ಶಕ ವರ್ಷ ೮೭೨ನೆಯ ಸೌಮ್ಯ ಸಂವತ್ಸರದ್ದು, ಎಂದರೆ ಕ್ರಿ. ಶ. ೯೪೯-೫೦. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ೧೮೯೪ರ ಮೂರನೆಯ ಸಂಪುಟದಲ್ಲಿ ಇದು ಸೇರಿದೆ; ‘ಎಪಿಗ್ರಾಫಿಯ ಇಂಡಿಕ’ದ ಎರಡನೆಯ ಸಂಪುಟದಲ್ಲಿ ಫ್ಲೀಟ್ ಅವರು ಇದನ್ನು ಸಂಪಾದಿಸಿದ್ದಾರೆ. ಕಲ್ಲು ಈಗ ಇರುವುದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ. ರಾಷ್ಟ್ರಕೂಟರ ಮೂರನೆಯ ಕೃಷ್ಣನು, ಶಾಸನದ ಮಾತಿನಲ್ಲಿ ಕನ್ನರದೇವನು, ಚೋಳರ ರಾಜಾದಿತ್ಯನ ಮೇಲೆ ದಂಡೆತ್ತಿ ಹೋಗಿ ತಕ್ಕೋಲದಲ್ಲಿ ಕಾದಿ ಗೆದ್ದ ಪ್ರಸಂಗವು ಇದರಲ್ಲಿದೆ. ರಾಜಾದಿತ್ಯನನ್ನು ಕೊಂದವನು ಕೃಷ್ಣನ ಭಾವನಾದ ಗಂಗರ ಬೂತುಗ. ಮೆಚ್ಚಿದ ಕೃಷ್ಣನು ಅವನಿಗೆ ಬನವಾಸಿ ೧೨೦೦೦, ಬೆಳ್ವೊಲ ೩೦೦, ಪುರಿಗೆರೆ ೩೦೦, ಕಿಸುಕಾಡು ೭೦, ಬಾಗೆನಾಡು ೭೦ ಇವುಗಳನ್ನು ಕೊಟ್ಟನು. ಬೂತುಗನ ಕಡೆಯಲ್ಲಿ ಮುಂದೆ ನಿಂತು ಕಾದಿದವನು ಸಗರ ವಂಶದ ಮಣಲೇರನೆಂಬುವನು. ಅವನ ಶೌರ್ಯಕ್ಕೆ ಮೆಚ್ಚಿದ ಒಡೆಯನು ಬೇಕಾದುದನ್ನು ಬೇಡಿಕೊಳ್ಳೆನ್ನಲು ಅವನು ಬೇಡಿದುದು ಊರನ್ನಲ್ಲ, ಹೊನ್ನನ್ನಲ್ಲ, ಕಾಳಿಯೆಂಬ ನಾಯಿಯನ್ನು. ಆ ನಾಯಿಯನ್ನು ಕೆಲಲೆ ನಾಡಿನ ಬೆಳತೂರಿನ ಪಡುವಣ ಕಡೆಯಲ್ಲಿ ದೊಡ್ಡ ಕಾಡುಹಂದಿಯೊಂದರ ಮೇಲೆ ಬಿಡಲು, ನಾಯಿಯೂ ಹಂದಿಯೂ ಸೆಣಸಿ ಎರಡೂ ಸತ್ತವು. ಅದರ ನೆನಪಿಗಾಗಿ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲನ್ನು ನಿಲ್ಲಿಸಿ, ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಗದ್ದೆಯನ್ನು ಬಿಟ್ಟರು. ಆ ಗದ್ದೆಯನ್ನು ನೋಡಿಕೊಳ್ಳುವ ಗೊರವನು ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪವು ಅವನಿಗೆ ತಟ್ಟುವುದೆಂದೂ ಬರೆಸಿದರು. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಕಾದುವ ಶಿಲ್ಪವಿದೆ.

ಮಕ್ಕಳ ಮನಸ್ಸಿಗೆ ಹಿಡಿಸುವಂಥ ವಸ್ತು ಇದಕ್ಕಿಂತ ಬೇರೊಂದನ್ನು ಹುಡುಕುವುದು ಕಷ್ಟ. ದಕ್ಷಿಣಾಪಥದ ಎರಡು ದೊಡ್ಡ ರಾಜ್ಯಗಳ ಭಾಗ್ಯವನ್ನು ನಿರ್ಣಯಿಸಿದ ಕಾಳಗದ ಸುದ್ದಿಯು ಒಂದು ನಾಯಿಯ ಸ್ಮಾರಕದಲ್ಲಿ, ಪೀಠಿಕೆಯಾಗಿ ಮಾತ್ರ ಉಳಿದುಬಂದಿದೆ. ಪಠ್ಯಪುಸ್ತಕವಾದರೋ ಕಾಳಗವನ್ನು ಒಂದು ವಾಕ್ಯದಲ್ಲಿ ಹೇಳಿ ನಾಯಿಯನ್ನು ಬಿಟ್ಟೇಬಿಡುತ್ತದೆ. ಹಾಗೆ ಬಿಡುವುದರಿಂದ ಒಂದು ಸ್ವಾರಸ್ಯದ ಸಂಗತಿಯಷ್ಟೇ ಹೋಗುವುದಿಲ್ಲ. ತಕ್ಕೋಲದ ಕಾಳಗ ನಮಗೆ ಹೇಗೆ ತಿಳಿದಿದೆ ಎಂಬ ವಿಷಯವೇ ಹೋಗಿಬಿಡುತ್ತದೆ. ಉತ್ತರ ಮಾತ್ರ ಉಳಿದು ಪ್ರಶ್ನೆಯು ಅಳಿಸಿಹೋದ ಇತಿಹಾಸವನ್ನು ಮಗು ಬಾಯಿಪಾಠ ಮಾಡದೆ ಮತ್ತೇನು ಮಾಡೀತು?

ತರಗತಿಯಲ್ಲಿ ಇದನ್ನು ನಡೆಸುವ ಬಗೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಮೊದಲು ಕಲ್ಲಿನ ಚಿತ್ರವನ್ನು, ಒಂದು ಮಾತನ್ನೂ ಹೇಳದೆ, ಮಕ್ಕಳ ಮುಂದಿಡಬೇಕು. ಅವರಿಗೆ ಕಾಣುವುದು ಎರಡು ಪ್ರಾಣಿಗಳು, ಕೆಳಗೆ ಬರೆಹ. ಇಷ್ಟರಿಂದ ಏನನ್ನು ಹೇಳಬಹುದು, ಏನನ್ನು ಹೇಳಲಾಗದು ಎಂದು ಕೇಳಬೇಕು. ಬರೆಹದಲ್ಲಿ ತಮಗೆ ಗುರುತು ಸಿಕ್ಕುವ ಅಕ್ಷರಗಳೆಷ್ಟು ಎಂದು ಹುಡುಕಲು ಬಿಡಬೇಕು. ಸಾವಿರ ವರ್ಷಗಳ ಹಿಂದಿನ ಅಕ್ಷರದಲ್ಲಿ ಇಂದಿನ ಅಕ್ಷರದ ಮೈಕಟ್ಟನ್ನು ಕಂಡುಹಿಡಿದ ಹುಡುಗನ ಉತ್ಸಾಹವನ್ನು ಬೇರೆ ಯಾವ ಉಪಾಯದಿಂದಲೂ ಹುಟ್ಟಿಸಲಾಗದು. ಆಮೇಲೆ ತಿಥಿ. ೮೭೨ಕ್ಕೆ ೭೮ನ್ನು ಕೂಡಿಸಿದ ಮಗುವಿಗೆ ೯೫೦ ಬರುತ್ತದೆ. ಪುಸ್ತಕದಲ್ಲಿ ೯೪೯ ಎಂದಿದೆ. ತಪ್ಪಿದವರು ಯಾರು? ಯಾರೂ ಅಲ್ಲ; ನಡೆಯುತ್ತಿರುವ ವರ್ಷವನ್ನು ಎಣಿಸುವುದು ಬೇರೆ, ಕಳೆದ ವರ್ಷವನ್ನು ಎಣಿಸುವುದು ಬೇರೆ. ತನ್ನ ವಯಸ್ಸನ್ನು ‘ಹತ್ತು ತುಂಬಿದೆ’ ಎಂದೂ ‘ಹನ್ನೊಂದು ನಡೆಯುತ್ತಿದೆ’ ಎಂದೂ ಹೇಳಬಲ್ಲ ಮಗುವಿಗೆ ಇದು ಕೂಡಲೇ ತಿಳಿಯುತ್ತದೆ.

ಇನ್ನು ಬೂತುಗನಿಗೆ ಬಂದ ನಾಡುಗಳ ಮುಂದಿರುವ ಸಂಖ್ಯೆಗಳು. ಅವನ್ನೆಲ್ಲ ಕೂಡಿಸಿದರೆ ೧೨೭೪೦ ಆಗುತ್ತದೆ. ಆದರೆ ೧೨೭೪೦ ಏನು? ಹಳ್ಳಿಗಳೇ? ತೆರಿಗೆಯ ಲೆಕ್ಕವೇ? ವಿದ್ವಾಂಸರಲ್ಲಿಯೇ ಈ ವಿಷಯದಲ್ಲಿ ಏಕಾಭಿಪ್ರಾಯವಿಲ್ಲವೆಂಬುದನ್ನು ಉಪಾಧ್ಯಾಯರು ಮರೆಮಾಚಬಾರದು. ದೊಡ್ಡವರಿಗೂ ತೀರ್ಮಾನಕ್ಕೆ ಬಾರದ ಸಂಗತಿಯೊಂದು ತನ್ನ ಪಾಠದಲ್ಲಿದೆಯೆಂದು ತಿಳಿದ ಮಗುವಿನ ಮುಖವನ್ನು ನೋಡಿದವರಿಗೆ, ಸಂಶಯವು ಮಕ್ಕಳನ್ನು ಕೆಡಿಸುತ್ತದೆಂಬ ಭಯ ಉಳಿಯಲಾರದು.

ಈಗ ಎರಡನೆಯ ಸಾಕ್ಷಿಯನ್ನು ಕರೆಯಬೇಕು. ಚೋಳರ ದೊಡ್ಡ ಲೈಡನ್ ತಾಮ್ರಪಟಗಳಲ್ಲಿಯೂ ರಾಜಾದಿತ್ಯನ ಸಾವಿನ ಮಾತು ಬರುತ್ತದೆ. ನಾಗಪಟ್ಟಣದ ಬೌದ್ಧ ವಿಹಾರಕ್ಕೆ ಒಂದನೆಯ ರಾಜರಾಜನು ಬಿಟ್ಟ ದತ್ತಿಯನ್ನು ತಿಳಿಸುವ ಈ ಪಟಗಳಿಗೆ, ಹಾಲೆಂಡಿನ ಲೈಡನ್ ನಗರವನ್ನು ಸೇರಿದುದರಿಂದ ಆ ಹೆಸರು ಬಂದಿತು. ಅವು ಹುಟ್ಟಿದುದು ಕಾಳಗವಾಗಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಳೆದಮೇಲೆ. ಅವುಗಳ ಸಂಸ್ಕೃತ ಭಾಗದ ಪ್ರಕಾರ ರಾಜಾದಿತ್ಯನು ಕೃಷ್ಣರಾಜನನ್ನು ತಲ್ಲಣಗೊಳಿಸಿ, ಆನೆಯ ಮೇಲೆ ಕುಳಿತಿರುವಾಗಲೇ ತೀಕ್ಷ್ಣವಾದ ಬಾಣಗಳಿಂದ ಎದೆ ಸೀಳಿ ವೀರಸ್ವರ್ಗಕ್ಕೆ ಸಂದನು. ಬೂತುಗನ ಹೆಸರು ಅಲ್ಲಿಲ್ಲ. ನಾಯಿಯ ಮಾತಂತೂ ಇಲ್ಲವೇ ಇಲ್ಲ.

ಕೀಟಿಂಗ್ ಅವರು ಬಯಸಿದ ವಿರುದ್ಧ ಸಾಕ್ಷ್ಯವು ಇದೇ. ಎರಡು ಕಾಗದಗಳಲ್ಲಿ ಎರಡರ ಸಾರಾಂಶವನ್ನು ಬರೆದು ತರಗತಿಯನ್ನು ಎರಡು ಪಂಗಡ ಮಾಡಿ ಹಂಚಬೇಕು. ಒಂದು ಪಂಗಡದವರಿಗೆ ಇನ್ನೊಂದರ ಕಾಗದ ಕಾಣಬಾರದು. ಪ್ರತಿಯೊಂದು ಪಂಗಡವೂ ತನ್ನ ಸಾಕ್ಷಿ ಹೇಳಿದುದನ್ನು ಹೇಳಲಿ. ಆಗ ತಾನಾಗಿಯೇ ಜಗಳ ಹುಟ್ಟುತ್ತದೆ. ಕೊಂದವರು ಯಾರು, ಯಾವ ಆಯುಧದಿಂದ ಎಂಬಲ್ಲಿ ಇವರಿಬ್ಬರಿಗೂ ಹೊಂದುವುದಿಲ್ಲ. ಆದರೆ ರಾಜಾದಿತ್ಯನು ಸತ್ತನು, ಕೃಷ್ಣನ ಮೇಲಣ ಕಾಳಗದಲ್ಲಿ ಸತ್ತನು ಎಂಬಲ್ಲಿ ಹಗೆಗಳಿಬ್ಬರೂ ಒಂದೇ ಮಾತನ್ನಾಡುತ್ತಾರೆ. ಹಗೆಗಳು ಒಪ್ಪಿದ ಮಾತಿಗೆ ಹೆಚ್ಚು ತೂಕವೆಂಬುದನ್ನು ಉಪಾಧ್ಯಾಯರು ಹೇಳಬೇಕಾಗಿಲ್ಲ. ಅಂಗಳದಲ್ಲಿ ಆಟವಾಡಿ ಜಗಳ ತೀರಿಸಿಕೊಂಡು ಬಂದ ಮಕ್ಕಳಿಗೆ ಈ ನ್ಯಾಯವು ಮೊದಲೇ ಗೊತ್ತು. ಯಾವ ಸಾಕ್ಷಿ ಹತ್ತಿರದವನು? ಆತಕೂರಿನದು. ಕಾಳಗದಲ್ಲಿ ಕಾದಿದವನ ಕಡೆಯವರು ಹೆಚ್ಚು ಕಾಲ ಕಳೆಯುವ ಮೊದಲೇ ನಿಲ್ಲಿಸಿದ ಕಲ್ಲು ಅದು. ಹಾಗಾದರೆ ಅದನ್ನೇ ನಂಬೋಣವೇ? ಅಲ್ಲಿಯೂ ತೊಡಕುಂಟು: ಕಲ್ಲನ್ನು ನಿಲ್ಲಿಸಿದವರು ಬೂತುಗನ ಅನ್ನವನ್ನು ಉಂಡವರು. ಸಾವನ್ನು ಮುಚ್ಚಲಾರದ ಚೋಳರ ಕವಿ ಅದಕ್ಕೆ ಸ್ವರ್ಗದ ಬಾಗಿಲನ್ನು ತೆರೆದನು. ಜಯವನ್ನು ಹಂಚಬೇಕಾಗಿದ್ದ ಗಂಗರ ಲೇಖಕನು ಅದನ್ನು ತನ್ನೊಡೆಯನ ಕೈಗೆ ಕೊಟ್ಟನು.

ಅಭಿನಯವು ಬರಬೇಕಾದುದು ಇಲ್ಲಿ, ಈ ಘಟ್ಟದಲ್ಲಿ. ಒಬ್ಬ ಹುಡುಗನು ಬೆಂಚಿನ ಮೇಲೆ ನಿಲ್ಲಲಿ, ಅದು ಆನೆ. ನೆಲದ ಮೇಲೆ ನಿಂತವನ ಕೈಗೆ ಅವನ ಎದೆ ಎಟುಕುತ್ತದೆಯೇ? ಇನ್ನೊಂದು ಬೆಂಚನ್ನು ಹತ್ತಿರಕ್ಕೆ ಸರಿಸಿದರೆ? ದೂರದಿಂದ ಬಾಣ ಬಿಟ್ಟವನನ್ನು ಗದ್ದಲದಲ್ಲಿ ಗುರುತಿಸಬಲ್ಲವರು ಯಾರು? ಕಿರೀಟವೂ ಬೇಡ, ಬಣ್ಣವೂ ಬೇಡ, ಮುಂಚಿತವಾಗಿ ಬರೆದ ಮಾತೂ ಬೇಡ. ಫಿನ್ಲೆ-ಜಾನ್ಸನ್ ಅವರ ನಿಯಮವಾದ ‘ಮಗುವಿನದೇ ಆದ ನಾಟಕ’ವು ಇಲ್ಲಿ ಸಾರ್ಥಕವಾಗುತ್ತದೆ, ಆದರೆ ಆಕೆ ಇಟ್ಟ ಸ್ಥಾನದಲ್ಲಿ ಅಲ್ಲ. ಆಕೆಗೆ ಅಭಿನಯವು ಕಲಿತುದರ ಫಲ. ನಮ್ಮ ಅಭಿಪ್ರಾಯದಲ್ಲಿ ಅದು ಸಾಕ್ಷ್ಯವನ್ನು ಒರೆದು ನೋಡುವ ಒಂದು ಉಪಕರಣ. ಒಂದು ಸಾಕ್ಷ್ಯದ ಪ್ರಕಾರ ಒಮ್ಮೆ, ಇನ್ನೊಂದರ ಪ್ರಕಾರ ಮತ್ತೊಮ್ಮೆ, ಹೀಗೆ ಎರಡು ಸಲ ಆಡಬೇಕು. ಒಂದೇ ಸಾವನ್ನು ಎರಡು ಬಗೆಯಾಗಿ ಆಡಿದ ಮಗು ಅವೆರಡರಲ್ಲಿ ಯಾವುದನ್ನೂ ತಾನು ಕಣ್ಣಾರೆ ಕಂಡೆನೆಂದು ಭ್ರಮಿಸುವುದಿಲ್ಲ. ನಾಟಕಕ್ಕೆ ಆಡಲು ಬಾರದೆಂದು ನಾವು ಮೇಲೆ ಹೇಳಿದ ‘ಬಹುಶಃ’ ಎಂಬ ಮಾತು ಹೀಗೆ ಎರಡು ಸಲ ಆಡಿದಾಗ ತಾನಾಗಿ ಮೂಡುತ್ತದೆ.

ಇಲ್ಲಿಯವರೆಗಿನ ವಿಚಾರವು ಇತಿಹಾಸದ ಉಪಾಧ್ಯಾಯರನ್ನು ಕುರಿತದ್ದು. ಸಾಹಿತ್ಯದ ಉಪಾಧ್ಯಾಯರಿಗೆ ಸಂಬಂಧಿಸಿದ ಭಾಗವೇ ನಮ್ಮ ದೃಷ್ಟಿಯಲ್ಲಿ ಹೆಚ್ಚು ಮಹತ್ತ್ವದ್ದು. ಆತಕೂರಿನ ಶಾಸನವು ರಾಜಾದಿತ್ಯನ ಸಾವನ್ನು ಹೇಳುವ ವಾಕ್ಯದಲ್ಲಿ ‘ಬಿಸುಗೆ’ ಎಂಬ ಮಾತೊಂದು ಬರುತ್ತದೆ. ಈ ಮಾತಿಗೆ ಕೂಡುವಿಕೆ, ಬೆಸುಗೆ ಎಂಬ ಅರ್ಥವೂ ಉಂಟು, ಆನೆಯ ಮೇಲಣ ಅಂಬಾರಿ ಎಂಬ ಅರ್ಥವೂ ಉಂಟು. ಫ್ಲೀಟ್ ಅವರು ಮೊದಲು ಮಾಡಿದ ಅನುವಾದದಿಂದ ಬೂತುಗನು ರಾಜಾದಿತ್ಯನನ್ನು ನಂಬಿಸಿ ದ್ರೋಹದಿಂದ ಇರಿದು ಕೊಂದನೆಂಬ ಭಾವವು ಹುಟ್ಟಿತು. ಆಮೇಲೆ ಅವರೇ ಅದನ್ನು ಬಿಟ್ಟು, ಅಂಬಾರಿಯನ್ನೇ ರಣರಂಗವನ್ನಾಗಿ ಮಾಡಿಕೊಂಡು ಇರಿದನೆಂಬ ಅರ್ಥವನ್ನು ಹಿಡಿದರು. ರಾಜಾದಿತ್ಯನು ಆನೆಯ ಮೇಲೆಯೇ ಸತ್ತನೆಂದು ಲೈಡನ್ ಪಟಗಳೂ ಹೇಳುವುದರಿಂದ ಈ ಎರಡನೆಯ ಅರ್ಥಕ್ಕೆ ಬಲ ಬರುತ್ತದೆ. ಒಂದು ಕನ್ನಡ ಮಾತಿನ ಅರ್ಥದ ಮೇಲೆ ಗಂಗವಾಡಿಯ ಅರಸನೊಬ್ಬನು ಕೊಲೆಗಾರನೋ ವೀರನೋ ಎಂಬುದು ನಿಂತಿತ್ತು!

ಇತಿಹಾಸವನ್ನು ಬೋಧಿಸುವವರು ಈ ಮಾತನ್ನು ಭಾಷೆಯ ವಿಷಯವೆಂದು ಬಿಡುತ್ತಾರೆ. ಕನ್ನಡವನ್ನು ಬೋಧಿಸುವವರು ಇದನ್ನು ಇತಿಹಾಸದ ವಿಷಯವೆಂದು ಬಿಡುತ್ತಾರೆ. ಶಾಸನವು ಕನ್ನಡದ ತರಗತಿಯನ್ನು ಪ್ರವೇಶಿಸಿದರೂ ಅದು ಹಳಗನ್ನಡದ ವಿಭಕ್ತಿ ಪ್ರತ್ಯಯಗಳಿಗೆ ಉದಾಹರಣೆಯಾಗಿ ಬರುತ್ತದೆಯೇ ಹೊರತು, ಒಬ್ಬ ಮನುಷ್ಯನು ಇನ್ನೊಬ್ಬನಿಗೆ ಹೇಳಿದ ಮಾತಾಗಿ ಬರುವುದಿಲ್ಲ. ಹಲ್ಮಿಡಿಯ ಶಾಸನದ ಗತಿಯಂತೂ ಇನ್ನೂ ಶೋಚನೀಯ. ಅದು ‘ಕನ್ನಡದ ಮೊದಲ ಶಾಸನ’ವೆಂಬ ಒಂದು ಅಂಕದ ಉತ್ತರವಾಗಿ ಬಿಟ್ಟಿದೆ, ಅದು ಯಾರಿಗೆ ಏನನ್ನು ಕೊಟ್ಟಿತು, ಏಕೆ ಕೊಟ್ಟಿತು ಎಂದು ಕೇಳುವವರಿಲ್ಲ. ಅರ್ಥವನ್ನು ಹುಡುಕುವ ಅವಶ್ಯಕತೆ ಮಗುವಿಗೆ ಕಂಡಾಗಲೇ ನಿಘಂಟಿನ ಪುಟವನ್ನು ತಿರುವುವ ಆಸೆಯೂ ಹುಟ್ಟುತ್ತದೆ. ಬೂತುಗನು ದ್ರೋಹಿಯೋ ಅಲ್ಲವೋ ಎಂದು ತಿಳಿಯಬೇಕಾದ ಹುಡುಗಿಯು ಕಿಟ್ಟೆಲ್ಲರ ನಿಘಂಟನ್ನು ತೆಗೆದು ‘ಬಿಸುಗೆ’ಯನ್ನು ಹುಡುಕುವಳು, ಪರೀಕ್ಷೆಗಾಗಿ ಪದಗಳ ಅರ್ಥವನ್ನು ಬರೆಯುವವಳು ಅದನ್ನು ಮುಟ್ಟಲಾರಳು. ಎರಡು ವಿಷಯಗಳ ಉಪಾಧ್ಯಾಯರು ಒಂದು ಗಂಟೆ ಒಟ್ಟಿಗೆ ಕುಳಿತು ಈ ಪಾಠವನ್ನು ನಡೆಸಲು ವೇಳಾಪಟ್ಟಿಯು ಅಡ್ಡಿಯೆಂದು ಹೇಳುವುದುಂಟು. ವೇಳಾಪಟ್ಟಿಯನ್ನು ಬರೆದವರೂ ಉಪಾಧ್ಯಾಯರೇ ಅಲ್ಲವೇ?

ಈ ಕ್ರಮಕ್ಕೆ ಹೊಸ ಪುಸ್ತಕಗಳಿಂದ ಎಷ್ಟು ಸಹಾಯ ದೊರೆತಿದೆ ಎಂಬುದನ್ನೂ ನೋಡಬೇಕು. ೨೦೦೫ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟನ್ನು ಅನುಸರಿಸಿ ೨೦೦೬ರಿಂದ ಹೊರಬಂದ ಎನ್.ಸಿ.ಇ.ಆರ್.ಟಿ.ಯ ‘ನಮ್ಮ ಗತಕಾಲ’ ಮಾಲೆಯ ಪುಸ್ತಕಗಳು ಮೂಲ ಆಧಾರಗಳ ತುಣುಕುಗಳನ್ನು ಚೌಕಗಳಲ್ಲಿ ಮುದ್ರಿಸಿ ಪ್ರಶ್ನೆಗಳನ್ನು ಹಾಕಿದವು. ಅದು ದೊಡ್ಡ ಹೆಜ್ಜೆ. ಆದರೆ ಅದೇ ಪುಸ್ತಕಗಳಲ್ಲಿ, ಪಾಠದ ಕೊನೆಯಲ್ಲಿ, ‘ಊಹಿಸಿಕೊಳ್ಳಿ’ ಎಂಬ ಅಭ್ಯಾಸವೂ ಇತ್ತು: ನೀನು ಆ ಕಾಲದ ಒಬ್ಬ ರೈತ, ನೀನು ಆ ಊರಿನವನು, ನಿನ್ನ ಅನುಭವವನ್ನು ಬರೆ ಎಂಬ ಬಗೆಯದು. ಊಹೆಗೆ ಬೇಕಾದ ಸಾಮಗ್ರಿಯನ್ನು ಕೊಡದೆ ಊಹಿಸೆಂದರೆ ಮಗು ತನ್ನ ಮನೆಯನ್ನೇ ಹತ್ತನೆಯ ಶತಮಾನಕ್ಕೆ ಸಾಗಿಸುತ್ತದೆ. ಉಪಾಧ್ಯಾಯರು ಅದನ್ನು ಓದಿ ‘ಚೆನ್ನಾಗಿದೆ’ ಎಂದು ಬರೆಯುತ್ತಾರೆ. ಚೆನ್ನಾಗಿರಬಹುದು, ಇತಿಹಾಸವಲ್ಲ. ಊಹೆಯನ್ನು ತಡೆಯುವ ಕಟ್ಟು ಬೇಕು. ಮಣಲೇರನು ನಾಯಿಯನ್ನೇ ಏಕೆ ಬೇಡಿದನೆಂದು ಬರೆ, ಆದರೆ ಶಾಸನದಲ್ಲಿರುವ ಯಾವ ಮಾತಿಗೂ ವಿರೋಧವಾಗದಂತೆ ಬರೆ, ಮತ್ತು ಶಾಸನದಲ್ಲಿ ಇಲ್ಲದೆ ನೀನು ಸೇರಿಸಿದ ಪ್ರತಿಯೊಂದು ಮಾತಿನ ಕೆಳಗೂ ಗೆರೆ ಎಳೆ, ಎಂದರೆ ಅದು ಅಭ್ಯಾಸವಾಗುತ್ತದೆ. ಆ ಗೆರೆಗಳಲ್ಲಿಯೇ ಪಾಠವಿದೆ.

ಇಂಗ್ಲೆಂಡಿನಲ್ಲಿ ೧೯೭೨ರಲ್ಲಿ ಆರಂಭವಾದ ಶಾಲಾ ಇತಿಹಾಸ ಯೋಜನೆಯವರು ಆಧಾರವೆಂದರೇನೆಂಬುದನ್ನು ಕಲಿಸಲು, ಸತ್ತುಬಿದ್ದ ಮಾರ್ಕ್ ಪುಲನ್ ಎಂಬ ಕಲ್ಪಿತ ತರುಣನ ಕೈಚೀಲದಲ್ಲಿದ್ದ ಚೀಟಿಗಳನ್ನು ಮಕ್ಕಳ ಮುಂದಿಟ್ಟು, ಅವನಿಗೆ ಏನಾಯಿತೆಂದು ಕಂಡುಹಿಡಿಯಿರಿ ಎಂದರು. ಆ ಪಾಠವು ಬಹಳ ಹೆಸರು ಪಡೆಯಿತು. ಪತ್ತೇದಾರಿಯ ಸ್ವಾರಸ್ಯವು ಅದರಲ್ಲಿದೆ. ಆದರೆ ಆ ಚೀಟಿಗಳನ್ನು ಪಾಠಕ್ಕಾಗಿಯೇ ಬರೆದದ್ದು. ಎಲ್ಲವೂ ಇಂದಿನ ಭಾಷೆಯಲ್ಲಿವೆ. ಬರೆದವರು ಉತ್ತರದ ಕಡೆಗೆ ನೋಡುತ್ತಲೇ ಬರೆದಿದ್ದಾರೆ. ಕಾಳಿಯ ಕಲ್ಲನ್ನು ಕೊರೆದವನು ನಮ್ಮ ತರಗತಿಯನ್ನು ನೆನೆಯಲಿಲ್ಲ. ಅವನಿಗೆ ಬೇಕಾದುದು ಗೊರವನು ಕಲ್ಲನ್ನು ಮರೆಯಬಾರದೆಂಬುದಷ್ಟೆ. ತಕ್ಕೋಲದ ಸುದ್ದಿಯನ್ನು ಅವನು ನಮಗಾಗಿ ಹೇಳಲಿಲ್ಲ. ಸಾಕ್ಷಿಯು ತಾನು ಹೇಳಬೇಕೆಂದುಕೊಳ್ಳದೆ ಹೇಳಿದ ಮಾತಿನ ಬೆಲೆ ಏನೆಂಬುದನ್ನು ಕಲ್ಪಿತ ಚೀಟಿಗಳಿಂದ ಕಲಿಸಲಾಗುವುದಿಲ್ಲ.

ಆಕ್ಷೇಪಗಳಲ್ಲಿ ಒಂದಕ್ಕೆ ಮಾತ್ರ ಇಲ್ಲಿ ಉತ್ತರ ಹೇಳುತ್ತೇವೆ. ವರ್ಷವೊಂದರಲ್ಲಿ ಮುಗಿಸಬೇಕಾದ ಪಾಠಗಳು ಬಹಳ; ಒಂದು ಕಲ್ಲಿಗೆ ನಾಲ್ಕು ಗಂಟೆಗಳನ್ನು ಕೊಟ್ಟರೆ ರಾಷ್ಟ್ರಕೂಟರ ಉಳಿದ ಅರಸರ ಗತಿಯೇನು ಎಂದು ಕೇಳುವವರಿದ್ದಾರೆ. ಅವರ ಸಂಕಟವು ನಿಜವಾದುದು. ಪರೀಕ್ಷೆಯು ಅರಸರ ಸಾಲನ್ನು ಕೇಳುತ್ತದೆ, ನಾಯಿಯನ್ನು ಕೇಳುವುದಿಲ್ಲ. ಆದರೆ ನಾಲ್ಕು ಗಂಟೆಗಳಲ್ಲಿ ಒಂದು ಕಲ್ಲನ್ನು ಓ‌ದಿದ ಮಗು ಉಳಿದ ಅರಸರ ಸಾಲನ್ನು ಓದುವ ರೀತಿಯೇ ಬೇರೆಯಾಗುತ್ತದೆ: ಪ್ರತಿಯೊಂದು ವಾಕ್ಯದ ಹಿಂದೆಯೂ ಎಲ್ಲಿಯೋ ಒಂದು ಕಲ್ಲಿದೆ, ಆ ಕಲ್ಲನ್ನು ನಿಲ್ಲಿಸಿದವನಿಗೆ ಒಂದು ಉದ್ದೇಶವಿತ್ತು ಎಂಬುದು ಅದಕ್ಕೆ ಗೊತ್ತಿರುತ್ತದೆ. ವರ್ಷಕ್ಕೆ ಇಂಥ ಪಾಠ ಎರಡಾದರೆ ಸಾಕು. ಪ್ರತಿದಿನವೂ ಇದೇ ಆದರೆ ಇದೂ ಒಂದು ಕಂಠಪಾಠವಾದೀತು.

ಇದಕ್ಕೆ ಬೇಕಾದ ಸಾಧನವು ಅತ್ಯಲ್ಪ: ಶಾಸನದ ಸ್ಪಷ್ಟವಾದ ಒಂದು ಭಾವಚಿತ್ರ, ಅದರ ಸಾಲುಸಾಲಿನ ಪಾಠ, ಹೊಸಗನ್ನಡದ ಅರ್ಥ, ಎದುರು ಸಾಕ್ಷ್ಯದ ಸಾರಾಂಶ, ಇಷ್ಟನ್ನು ಎಂಟು ಪುಟಗಳ ಕಿರುಹೊತ್ತಗೆಯಾಗಿ ಅಚ್ಚು ಹಾಕಿಸಿ ಶಾಲೆಗಳಿಗೆ ಕೊಡುವುದು ವಿದ್ವತ್ಸಂಸ್ಥೆಗಳ ಕೈಲಾಗದ ಕೆಲಸವಲ್ಲ. ಬೆಂಗಳೂರಿನ ಶಾಲೆಗಳವರು ಕಲ್ಲನ್ನೇ ಹೋಗಿ ನೋಡಬಹುದು. ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿರುವ, ಬೆಂಗಳೂರಿನ ಹೆಸರನ್ನು ಹೇಳುವ ವೀರಗಲ್ಲಿನ ಶಾಸನವನ್ನೂ ಇದೇ ಬಗೆಯಲ್ಲಿ ಓದಬಹುದು. ಆತಕೂರಿನ ಮಕ್ಕಳಿಗೆ ಮಾತ್ರ ತಮ್ಮೂರಿನ ಕಲ್ಲನ್ನು ನೋಡಲು ಪ್ರಯಾಣ ಮಾಡಬೇಕಾಗಿದೆ. ಅವರ ಮುಂದೆ ಇನ್ನೊಂದು ಪ್ರಶ್ನೆಯನ್ನೂ ಇಡಬಹುದು: ಗದ್ದೆಯ ಆದಾಯವನ್ನು ಉಣ್ಣುತ್ತ ಗೊರವನು ಎಷ್ಟು ಕಾಲ ಈ ನಾಯಿಯ ಕಲ್ಲಿಗೆ ಪೂಜೆ ಮಾಡಿದನು? ಊರಿನಲ್ಲಿ ಹಿರಿಯ ಕೆರೆ ಯಾವುದು, ಅದರ ಕೆಳಗಿನ ಗದ್ದೆಗಳಿಗೆ ಏನೇನು ಹೆಸರುಗಳಿವೆ, ದೇವಾಲಯದ ಬಳಿ ಬೇರೆ ಕಲ್ಲುಗಳುಂಟೇ ಎಂದು ಅವರೇ ಕೇಳಿಕೊಂಡು ಬರಲಿ. ಅಜ್ಜಂದಿರು ಹೇಳಿದುದನ್ನು ಒಂದು ಕಾಲಮಿನಲ್ಲಿಯೂ ಕಲ್ಲು ಹೇಳಿದುದನ್ನು ಇನ್ನೊಂದು ಕಾಲಮಿನಲ್ಲಿಯೂ ಬರೆಯಲಿ.